ತೂತು ಬಿದ್ದ ಕಂಬ

ಚಿಕ್ಕತಾಯಮ್ಮನ ಹಿತ್ತಲಲ್ಲಿ ಎರಡು ಶರಬತ್ತಿನ ಹಣ್ಣಿನ ಬಳ್ಳಿಗಳಿದ್ದವು. ಚಪ್ಪರದ ತುಂಬ ಹಬ್ಬಿ, ಮಧ್ಯಾಹ್ನವಾದರೆ ಅಂಗೈಯಗಲದ ಹೂ ಬಿಡುತ್ತಿದ್ದವು. ಬಂದವರನ್ನೆಲ್ಲ ಆಕೆ ಹೂವಿನ ಮುಂದೆ ನಿಲ್ಲಿಸುವಳು. "ಸುತ್ತ ಇರೋ ಎಳೆಗಳು ನೂರು ಜನ ಕೌರವರು. ನಡುವಿನ ಐದು ಪಾಂಡವರು. ಮೇಲಿನ ಮೂರು ಬ್ರಹ್ಮ, ವಿಷ್ಣು, ಮಹೇಶ್ವರ." ಬೀದಿಯವರಿಗೆಲ್ಲ ಇದು ಬಾಯಿಪಾಠ. ಆದರೂ ಹೋಗುತ್ತಿದ್ದರು. ಕೊನೆಗೆ ಒಂದು ಲೋಟ ಶರಬತ್ತು ಸಿಗುತ್ತಿತ್ತಲ್ಲ.

ಮಗಳು ಮಂಗಳ ಚೊಚ್ಚಲ ಬಸುರಿ. ಐದು ತುಂಬುತ್ತಲೇ ತವರಿಗೆ ಬಂದಳು. "ಅವ್ವ, ನಂಗೆ ಏನೂ ಸೇರ್ತಿಲ್ಲ. ನಮ್ಮ ಬಳ್ಳಿ ಹಣ್ಣಿನ ಶರಬತ್ತು ಬೇಕು" ಅಂದಳು. ಹಳೆಯ ಹಣ್ಣು ಮುಗಿದಿತ್ತು, ಹೊಸ ಹೂ ಆಗತಾನೆ ಶುರುವಾಗಿತ್ತು. ಬಸುರಿಯ ಬಯಕೆ ತೀರಿಸದಿದ್ದರೆ ತಾಯಿಯ ಜೀವಕ್ಕೆ ಸಮಾಧಾನವುಂಟೇ? ಅದೂ ಹೆರಿಗೆಗೆ ಮುಂಚೆಯೇ ಆಗಬೇಕು. ಬಾಣಂತಿಗೆ ಹುಳಿ ಕೊಡುವ ಹಾಗಿಲ್ಲ.

ಮಂಗಳ ಚಪ್ಪರದಡಿ ಕುರ್ಚಿ ಹಾಕಿಕೊಂಡು ಕೂರುವಳು. ಹೆಬ್ಬೆರಳು ಗಾತ್ರದ ಕರಿ ದುಂಬಿಗಳು ಗುಂಯ್ ಎಂದು ಅವಳ ತಲೆ ಮೇಲೇ ಹಾರಾಡುವವು. ಚಪ್ಪರದ ಹಳೇ ಮರದ ಕಂಬಗಳಲ್ಲಿ ಅವು ದುಂಡಗೆ ತೂತು ಕೊರೆದಿದ್ದವು. ಬಸುರಿಗೆ ಕಚ್ಚಿಬಿಟ್ಟರೆ ಗತಿ? ಚಿಕ್ಕತಾಯಮ್ಮ ಪೊರಕೆ ತಗೊಂಡು ಎಲ್ಲವನ್ನೂ ಓಡಿಸಿ, ಸಿಮೆಂಟು ಕಲಸಿ ತೂತುಗಳನ್ನು ಮುಚ್ಚಿಬಿಟ್ಟಳು.

ಆಮೇಲೆ ಹೂವೋ ಹೂವು. ಆದರೆ ಒಂದೇ ಒಂದು ಕಾಯಿ ಕಟ್ಟಲಿಲ್ಲ. ಸಗಣಿ ಗೊಬ್ಬರ ಹಾಕಿದಳು, ಮಜ್ಜಿಗೆ ಹುಯ್ದಳು. ಬೀದಿಯವರ ಕಣ್ಣು ಬಿತ್ತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಶರಬತ್ತು ಕುಡಿದು ಹೊಗಳಿದ್ದವರೆಲ್ಲ ಪಾಪ, ಕೆಟ್ಟ ಕಣ್ಣಿನವರಾದರು. ಹೀಗೇ ಒಂದು ತಿಂಗಳು ಹೋಯಿತು.

ಕೊನೆಗೆ ಕಂಬವೇ ಸರಿಯಿಲ್ಲವೆಂದು ಬದಲಾಯಿಸಲು ಮುದುಕ ಬಡಗಿ ವೀರಭದ್ರಾಚಾರಿಯನ್ನು ಕರೆಸಿದಳು. ಆತ ಸಿಮೆಂಟು ಸವರಿ ನೋಡಿ ಕೇಳಿದ, "ಇದನ್ನ ಯಾರು ಮುಚ್ಚಿದ್ದು ತಾಯಿ?"

"ನಾನೇ ಆಚಾರ್ರೇ. ದುಂಬಿ ಕಾಟ."

"ಮತ್ತೆ ಕಾಯಿ ಹೇಗೆ ಕಟ್ಟತ್ತೆ? ಒಂದು ಬಳ್ಳಿಯ ಹೂವಿನ ಪುಡಿ ಇನ್ನೊಂದು ಬಳ್ಳಿಯ ಹೂವಿಗೆ ತಾಗಬೇಕು. ನಿಮ್ಮ ತ್ರಿಮೂರ್ತಿಗಳು ಅಷ್ಟು ಮೇಲೆ ಕೂತಿದ್ದಾರಲ್ಲ, ಸಣ್ಣಪುಟ್ಟ ನೊಣದ ಬೆನ್ನು ಎಟುಕಲ್ಲ. ಈ ದಪ್ಪ ದುಂಬಿಯೇ ಆಗಬೇಕು. ಅದರ ಪಾಡಿಗೆ ಬಿಟ್ರೆ ಯಾರ ತಂಟೆಗೂ ಬರಲ್ಲ. ಅದೂ ನನ್ನ ಹಾಗೆ ಮರದ ಕೆಲಸದ್ದೇ, ಅದಕ್ಕೇ ಬಲ್ಲೆ."

"ಕಂಬ ಯಾಕೆ ಕೊರೀಬೇಕಿತ್ತು?"

"ಮೊಟ್ಟೆ ಇಡೋಕೆ. ಮರಿಗೆ ಬೇಕಾದ ಊಟ ಒಳಗೇ ಕೂಡಿಡತ್ತೆ. ಅದೂ ಬಾಣಂತನಕ್ಕೇ ಮನೆ ಮಾಡಿದ್ದು."

ಚಿಕ್ಕತಾಯಮ್ಮ ಆ ಸಿಮೆಂಟಿನ ಮೇಲೆ ಕೈಯಾಡಿಸಿದಳು. ತನ್ನ ಮಗಳಿಗೋಸ್ಕರ ಇನ್ನೊಬ್ಬ ತಾಯಿಯ ಬಾಗಿಲಿಗೆ ಸಿಮೆಂಟು ಬಳಿದಿದ್ದಳು. "ಕಂಬ ಹಾಗೇ ಇರಲಿ ಆಚಾರ್ರೇ. ಸಿಮೆಂಟು ಕಿತ್ತುಬಿಡಿ" ಅಂದಳು. ಆತ ಉಳಿಯಿಂದ ಎಲ್ಲವನ್ನೂ ಬಿಡಿಸಿಕೊಟ್ಟ. ಮಂಗಳಳ ಕುರ್ಚಿ ಜಗಲಿಗೆ ಹೋಯಿತು.

ಒಂಬತ್ತು ದಿನ ಯಾವ ದುಂಬಿಯೂ ಬರಲಿಲ್ಲ. ಆಕೆ ಅನ್ನ ಬಿಟ್ಟು ಹಿತ್ತಲಲ್ಲೇ ಕಾದಳು. ಹತ್ತನೇ ದಿನ ಮಧ್ಯಾಹ್ನ ಒಂದು ಬಂತು. ಹೂವಿನಿಂದ ಹೂವಿಗೆ ಹೋಯಿತು, ಬೆನ್ನೆಲ್ಲ ಹಳದಿ ಪುಡಿ. "ಬಂದೆಯಾ ನನ್ನವ್ವ" ಎನ್ನುವಾಗ ಆಕೆಯ ಕಣ್ಣು ತುಂಬಿತು. ವಾರದೊಳಗೆ ಬಟಾಣಿಯಂಥ ಕಾಯಿಗಳು ಕಂಡವು.

ದಿನ ತುಂಬಿದವು. ಒಂದು ಬೆಳಿಗ್ಗೆ ಚಪ್ಪರದಡಿ ತಪ್ ಎಂದು ಸದ್ದಾಯಿತು. ಮೊದಲ ಹಣ್ಣು. ಬೆಲ್ಲ, ಏಲಕ್ಕಿ ಹಾಕಿ ಕದಡಿ ಕೊಟ್ಟಳು. ಮಂಗಳ ಗಟಗಟ ಕುಡಿದು ಲೋಟದ ತಳಕ್ಕೂ ಬೆರಳು ಹಾಕಿದಳು. ಮೂರನೇ ದಿನಕ್ಕೆ ಹೆಣ್ಣು ಮಗು ಹುಟ್ಟಿತು. ಆಮೇಲೆ ಹಣ್ಣು ಬುಟ್ಟಿಗಟ್ಟಲೆ ಬಿತ್ತು. ಮೊದಲ ಬುಟ್ಟಿ ಆಚಾರ್ರ ಮನೆಗೆ, ಎರಡನೆಯದು ಕಣ್ಣು ಹಾಕಿದ ಬೀದಿಯವರಿಗೆ.

ನಾಮಕರಣಕ್ಕೆ ಬಂದ ಅಳಿಯ ಕಂಬ ನೋಡಿ, "ಅತ್ತೆ, ಇದು ಪೂರ್ತಿ ತೂತಾಗಿದೆ. ಕಲ್ಲಿನ ಕಂಬ ಹಾಕಿಸಿಬಿಡಲೇ?" ಅಂದ.

"ಪಕ್ಕದಲ್ಲಿ ಕಲ್ಲಿಂದೂ ಒಂದು ಹಾಕಿಸಪ್ಪ. ಇದನ್ನ ಮಾತ್ರ ಮುಟ್ಟಬೇಡ. ನಿನ್ನ ಹೆಂಡತಿಗೆ ಈ ಮನೆ ಹೇಗೋ ಹಾಗೆ ಇದು ದುಂಬಿಗಳ ತವರುಮನೆ" ಅಂದಳು ಚಿಕ್ಕತಾಯಮ್ಮ.

ನೀತಿ: ನಮ್ಮ ಲೋಟಕ್ಕೆ ಬಿದ್ದ ಸಿಹಿಯ ಹಿಂದೆ ನಾವು ಗಮನಿಸದವರ ದುಡಿಮೆಯೂ ಇರುತ್ತದೆ. ಕಾಟವೆಂದು ಓಡಿಸುವ ಮುನ್ನ ಅವರಿಂದ ನಮಗೇನು ಸಿಕ್ಕಿದೆ ಎಂದು ನೋಡಬೇಕು. ತಿಳಿದ ಮೇಲೆ ಬರಿ ಕೈಮುಗಿದರೆ ಸಾಲದು, ಅವರಿಗೂ ಇರಲು ಒಂದಿಷ್ಟು ಜಾಗ ಬಿಡಬೇಕು.