ದ್ಯಾಮವ್ವನ ಕೈತಪ್ಪಿದ ಪುಟ

ಬಾದಾಮಿ ಸೀಮೆಯ ಒಂದೂರಿನಲ್ಲಿ ದ್ಯಾಮವ್ವ ಎಂಬ ಹೆಂಗಸು ಹೊಲಿಗೆ ಮಾಡಿಕೊಂಡಿದ್ದಳು. ಅವಳಿಗೆ ನಾಲ್ಕು ವರ್ಷವಾಗಿದ್ದಾಗಲೇ ತಾಯಿ ಗುರವ್ವ ತೀರಿಕೊಂಡಿದ್ದಳು. ಒಂದು ಫೋಟೊ ಕೂಡ ಉಳಿದಿರಲಿಲ್ಲ. ಗುರವ್ವ ಜೋಳ ಬೀಸುವಾಗ ಬಲು ಚೆಂದ ಹಾಡುತ್ತಿದ್ದಳೆಂದು ಹಿರಿಯರು ಹೇಳುತ್ತಿದ್ದರು. ಆ ದನಿ ಹೇಗಿತ್ತೋ ಎಂದು ಯೋಚಿಸುತ್ತ, ಹೊಲಿಗೆ ಮಿಷನ್ ತುಳಿಯುತ್ತ ತುಳಿಯುತ್ತ ದ್ಯಾಮವ್ವನಿಗೆ ಐವತ್ತೆಂಟು ವರ್ಷವಾಯಿತು.

ಒಂದು ದಿನ ಮೊಬೈಲಿನಲ್ಲಿ ಹಳೆಯ ಹಾಡುಗಳ ಜಾಲತಾಣವೊಂದು ಸಿಕ್ಕಿತು. ಅದು ಇದು ಒತ್ತುತ್ತ ಹೋದವಳಿಗೆ ಒಂದು ಪುಟದಲ್ಲಿ ತಾಯಿಯ ಹೆಸರೂ ಊರಿನ ಹೆಸರೂ ಕಂಡವು. ಯಾವುದೋ ಕಾಲದಲ್ಲಿ ಯಾರೋ ಬಂದು ರೆಕಾರ್ಡ್ ಮಾಡಿಕೊಂಡು ಹೋಗಿದ್ದ ಬೀಸುವ ಪದ. ಎರಡು ಸಾಲು ಕೇಳಿದ್ದಳೋ ಇಲ್ಲವೋ, ಫೋನ್ ಬಂತು. ಗಾಬರಿಯಲ್ಲಿ ಏನು ಒತ್ತಿದಳೋ, ಪುಟ ಮಾಯವಾಯಿತು.

ಹನ್ನೆರಡು ದಿನ ಹುಡುಕಿದಳು. ಜಾಲತಾಣದಲ್ಲಿ ಸಾವಿರಾರು ಹಾಡು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಹೋಗುತ್ತಿತ್ತು. ಹುಡುಕುವ ಜಾಗದಲ್ಲಿ ಕನ್ನಡದಲ್ಲಿ ಬರೆದರೆ ಏನೂ ಬರುತ್ತಿರಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ಇಷ್ಟೂ ಬಾರದೇ ಎಂದು ನಕ್ಕಾರು ಅನ್ನುವ ಸಂಕೋಚ. ಆ ಎರಡು ಸಾಲು ಮಾತ್ರ ಕಿವಿಯಲ್ಲೇ ನಿಂತುಬಿಟ್ಟಿತ್ತು. ಊಟ ಸೇರುತ್ತಿರಲಿಲ್ಲ.

ಊರಿನ ಗ್ರಂಥಾಲಯ ನೋಡಿಕೊಳ್ಳುವ ಹುಸೇನ್‌ಬಿ ಕುಪ್ಪಸ ಒಯ್ಯಲು ಬಂದಳು. ನೋಡಿದರೆ ಎರಡೂ ತೋಳು ತಿರುವುಮುರುವಾಗಿದ್ದವು. ಎಂದೂ ತಪ್ಪದ ಕೈ ತಪ್ಪಿದೆಯಲ್ಲ, ಏನಾಯಿತೆಂದು ಕೇಳಿದಳು. ದ್ಯಾಮವ್ವ ಅಳುತ್ತ ಎಲ್ಲ ಹೇಳಿಕೊಂಡಳು.

ಹುಸೇನ್‌ಬಿ ನಗಲಿಲ್ಲ. "ಅಕ್ಕಾರ, ಆ ಜಾಲತಾಣ ದಾರಿ ತೋರಿಸದಿದ್ರ ಏನಾತು? ನಿಮ್ಮ ಬ್ರೌಸರ್ರು ನೀವು ಹೋದ ದಾರಿ ಬರದಿಟ್ಟಿರ್ತದ," ಎಂದಳು.

ಮೊಬೈಲ್ ಪರದೆಯ ಮೂಲೆಯಲ್ಲಿದ್ದ ಮೂರು ಚುಕ್ಕೆ ಒತ್ತಿಸಿದಳು. ಹಿಂದೆ ನೋಡಿದ ಪುಟಗಳ ಪಟ್ಟಿ ದಿನವಾರು ತೆರೆದುಕೊಂಡಿತು. ಹನ್ನೆರಡು ದಿನದ ಹಿಂದಕ್ಕೆ ಹೋದರೆ ಆ ಪುಟ ಇತ್ತು. ಅದು ಉದ್ದನೆಯ ಪುಟ, ನೂರಾರು ಹೆಸರು. ಹುಸೇನ್‌ಬಿ ಅದೇ ಚುಕ್ಕೆಗಳ ಕೆಳಗೆ, ಪುಟದೊಳಗೇ ಹುಡುಕುವ ಇನ್ನೊಂದು ಅನುಕೂಲ ತೋರಿಸಿದಳು. ದ್ಯಾಮವ್ವ 'ಗುರವ್ವ' ಎಂದು ಬರೆದಳು. ಹೆಸರು ಹಳದಿಯಾಗಿ ಎದ್ದು ಕಂಡಿತು. ಮತ್ತೆ ತಪ್ಪದಿರಲೆಂದು ಮೊದಲು ನಕ್ಷತ್ರದ ಗುರುತು ಒತ್ತಿ ಪುಟವನ್ನು ಉಳಿಸಿದರು. ಆಮೇಲೆ ಹಾಡು ಹಚ್ಚಿದರು.

ಬೀಸುಗಲ್ಲಿನ ಸದ್ದು, ಅದರ ಮೇಲೆ ತಾಯಿಯ ದನಿ. ಹಾಡಿನ ನಡುವೆ ಒಂದು ಮಗು ಅತ್ತಿತು. ಕಲ್ಲು ನಿಂತಿತು. "ಅಳಬ್ಯಾಡ ದ್ಯಾಮಿ, ಬಂದೆ," ಎಂದಿತು ಆ ದನಿ.

ದ್ಯಾಮವ್ವ ಮೊಬೈಲನ್ನು ಎದೆಗೆ ಒತ್ತಿಕೊಂಡು ಕುಳಿತಳು. ಹುಸೇನ್‌ಬಿ ಸದ್ದಿಲ್ಲದೆ ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ನೀತಿ: ಕಳೆದುಕೊಂಡದ್ದನ್ನು ಊರೆಲ್ಲ ಹುಡುಕುವ ಮೊದಲು, ಕೈಯಲ್ಲಿರುವ ಸಾಧನ ಏನೇನು ಮಾಡಬಲ್ಲದೆಂದು ತಿಳಿಯಿರಿ. ತಿಳಿಯದಿದ್ದರೆ ಕೇಳಲು ನಾಚಬೇಡಿ.