ಅಕ್ಕಣಿಯ ಕಾರ್ಡು ಹಿಡಿದು ಹೋದ ಹೆರಿಯ

ಕಡಲಿನ ಆಚೆ ದಡದಲ್ಲಿ ಒಂದು ಊರು. ಮಣ್ಣಿಲ್ಲ, ಮರಳು. ಮರವಿಲ್ಲ, ಕಟ್ಟಡ. ಆ ಊರಲ್ಲಿ ಮಂಜಯ್ಯ ಶೆಟ್ಟರ ಮೆಸ್ಸು, ಆ ಮೆಸ್ಸಿನಲ್ಲಿ ಅಡುಗೆಯ ಅಕ್ಕಣಿ, ಅಕ್ಕಣಿಗೊಬ್ಬ ಮಗ ಹೆರಿಯ, ಅಮ್ಮನನ್ನು ಅಬ್ಬಿ ಅಂತ ಕರೆಯುವವನು. ಮೂವತ್ತು ವರ್ಷದ ಆಳು, ಎತ್ತಿನ ಹಾಗೆ ಮೈ. ಹೇಳಿದ್ದು ಹೇಳಿದ ಹಾಗೇ ಮಾಡುವವನು. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತ ನಿಲ್ಲುವವನು, ಒಳಗೆ ಕಳ್ಳ ಬಂದರೂ ಸರಿ, ಕಳ್ಳ ಹೋದರೂ ಸರಿ. ತಮ್ಮೂರಲ್ಲಿ ಬಿಟ್ಟು ಬಂದರೆ ಇವನನ್ನು ಸಾಕುವವರು ಯಾರು ಅಂತ ಅಕ್ಕಣಿ ಶೆಟ್ಟರ ಕೈಕಾಲು ಹಿಡಿದು ಪಾತ್ರೆ ತೊಳೆಯುವುದಕ್ಕೆ ಅವನನ್ನೂ ಕರೆಸಿಕೊಂಡಿದ್ದಳು. ಬಂದು ಆರು ತಿಂಗಳಾಗಿತ್ತು ಅಷ್ಟೆ.

ಹೀಗಿರುವಾಗ ಅಕ್ಕಣಿಗೆ ಪಕ್ಕೆಯ ಕೆಳಗೆ ನೋವು ಸುರುವಾಯಿತು. ಮೊದಲು ಬಂದು ಹೋಗುವ ನೋವು, ಆಮೇಲೆ ಬಂದರೆ ಹೋಗದ ನೋವು. ಶೆಟ್ಟರು ಒಂದು ವಿಮೆಯ ಕಾರ್ಡು ಕೊಟ್ಟರು. ಈ ಊರಲ್ಲಿ ಖಾಸಗಿ ಆಸ್ಪತ್ರೆಯೇ ಗತಿ, ಅಲ್ಲಿ ಮನುಷ್ಯರನ್ನು ನೋಡುವ ಮೊದಲು ಕಾರ್ಡು ನೋಡುತ್ತಾರೆ ಅಂದರು. ಮೊದಲು ಕಾರ್ಡು ತೋರಿಸಿ ದಿನ ಗೊತ್ತು ಮಾಡಿಕೊಳ್ಳಬೇಕು, ಆಮೇಲೆ ಸಣ್ಣ ಡಾಕ್ಟರು, ಅವರು ಚೀಟಿ ಬರೆದರೆ ದೊಡ್ಡ ಡಾಕ್ಟರು, ನಡುವೆ ಕಾರ್ಡಿನ ಕಂಪೆನಿಯವರು ಹೂಂ ಅನ್ನಬೇಕು. ಅಕ್ಕಣಿಗೆ ಒಲೆ ಬಿಟ್ಟು ಹೋಗಲಿಕ್ಕಿಲ್ಲ, ತೊಂಬತ್ತು ಜನರ ಊಟ. ಹೆರಿಯನನ್ನು ಕರೆದು ಕಾರ್ಡು ಕೈಯಲ್ಲಿಟ್ಟಳು. ಕೊಟ್ಟು ಕೂತುಕೋ, ನನ್ನ ಹೆಸರು ಕೂಗಿದರೆ ಮಾತ್ರ ಏಳು ಅಂದಳು.

ಹೆರಿಯ ಬೆಳಿಗ್ಗೆ ಹೋದವನು ಹೊತ್ತು ಮುಳುಗುವಾಗ ಬಂದ. ಹೆಸರು ಕೂಗಲೇ ಇಲ್ಲ ಅಂದ. ಕೇಳಿ ನೋಡಿದರೆ, ಮಾಡಿನಲ್ಲಿದ್ದ ಸ್ಪೀಕರಿನಿಂದ ಒಂದು ಹೆಣ್ಣಿನ ದನಿ 'ಅಖಾನಿ, ಅಖಾನಿ' ಅಂತ ಹನ್ನೊಂದು ಸಲ ಕೂಗಿತ್ತಂತೆ. ಅಖಾನಿ ಅನ್ನುವವಳು ಯಾರೋ ಏಳಲೇ ಇಲ್ಲ, ಪಾಪ, ಅಂದ.

ಅಕ್ಕಣಿ ಹಣೆ ಬಡಿದುಕೊಂಡಳು. ಅವರ ನಾಲಿಗೆಗೆ ನಮ್ಮ ಹೆಸರು ಹೊರಳುತ್ತದಾ, ಮಂಕೇ? ಅವರು ಎಂತ ಹೆಸರು ಕೂಗಿದರೂ ಎದ್ದು ಹೋಗಬೇಕು ಅಂತ ಬೈದು ಬುದ್ಧಿ ಹೇಳಿದಳು. ಹೆರಿಯ ಹೂಂ ಅಂದ.

ಮರುದಿನ ಹೋದ. ಸಂಜೆ ಬಂದಾಗ ಮುಂಗೈಯಲ್ಲಿ ಮೂರು ಪಟ್ಟಿ. ಬಿಳಿ ಪಟ್ಟಿ, ಅದರ ಮೇಲೆ ಬರಹ. ಒಂದು ಹೆಸರಿಗೆ ಎದ್ದು ಹೋದನಂತೆ, ರಕ್ತ ತೆಗೆದರು. ಇನ್ನೊಂದು ಹೆಸರಿಗೆ ಎದ್ದು ಹೋದ, ಎದೆಯ ಫೋಟೊ ತೆಗೆದರು. ಮೂರನೆಯದಕ್ಕೆ ಕಣ್ಣಿಗೆ ಮದ್ದು ಬಿಟ್ಟರು. ಅವನ ಕಣ್ಣಿನ ಗುಡ್ಡೆ ಅಗಲವಾಗಿ ಕಪ್ಪಗೆ ಬಾವಿಯ ಹಾಗಿತ್ತು. ಅಕ್ಕಣಿಗೆ ಒಂದು ಕ್ಷಣ ಅದು ತನ್ನ ಮಗನ ಕಣ್ಣು ಅನ್ನಿಸಲಿಲ್ಲ.

"ಅಲ್ಲ ಮಗಾ, ಆ ಹೆಸರಿನವರು ಸುಮ್ಮನೆ ಬಿಟ್ಟರಾ ನಿನ್ನನ್ನು?"

"ಅವರು ಇರಲಿಲ್ಲ ಅಬ್ಬಿ. ಕುರ್ಚಿ ಎಲ್ಲ ಖಾಲಿ. ಹೆಸರು ಮಾತ್ರ ಇತ್ತು."

ದಿನವಿಡೀ ಕೂತಿದ್ದೆ, ಕೂಗಿದ್ದು ಎಷ್ಟೋ ಹೆಸರು, ಎದ್ದವನು ನಾನೊಬ್ಬನೇ ಅಂದ. ಪೆದ್ದನ ಮಾತು ಅಂತ ಅಕ್ಕಣಿ ಅಂದುಕೊಂಡಳು, ಆದರೆ ಇವನಿಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ ಅನ್ನುವುದೂ ಅವಳಿಗೆ ಗೊತ್ತಿತ್ತು. ಕತ್ತಿಯಲ್ಲಿ ಪಟ್ಟಿ ಕೊಯ್ದು ಒಲೆಗೆ ಹಾಕಿದಳು. ಮೂರೂ ಸುಟ್ಟವು, ವಾಸನೆ ಮಾತ್ರ ಮಲಗುವ ತನಕ ಹೋಗಲಿಲ್ಲ.

ಬೇರೆಯವರದಕ್ಕೆಲ್ಲ ಯಾಕೆ ಹೋಗುವುದು, ಅಂತ ಬೈದಳು. ನಾಳೆ ಕೂರಲೂ ಬೇಡ, ಕಾಯಲೂ ಬೇಡ. ಯಾರು ಎಂತ ಕೇಳಿದರೂ 'ನನ್ನ ಅಬ್ಬಿ' ಅಂತ ಹೇಳಿ ಈ ಕಾರ್ಡು ಮುಂದೆ ಹಿಡಿ, ಅಷ್ಟೇ ಸಾಕು ಅಂದಳು. ಹೆರಿಯ ಹೂಂ ಅಂದ.

ಮೂರನೆಯ ದಿನ ಮಧ್ಯಾಹ್ನದ ಊಟ ಬಡಿಸುವ ಹೊತ್ತಿಗೇ ಬಂದ. ಒಲೆಯ ಹತ್ತಿರ ಅಕ್ಕಣಿಯನ್ನು ನೋಡಿದ, ಪಕ್ಕದಲ್ಲಿ ಕೂತ, ಅಳಲಿಕ್ಕೆ ಸುರುಮಾಡಿದ. ಎಂತದು ಅಂತ ಕೇಳಿದರೆ, ಅಳು, ಅತ್ತರೆ ಹಗುರ ಆಗ್ತದೆ ಅಂತ ಅವರೇ ಹೇಳಿದರು ಅಂದ. ಕೈಯಲ್ಲೊಂದು ಕಾಗದವಿತ್ತು.

ಆದದ್ದು ಇಷ್ಟು. ಬಾಗಿಲು ತಪ್ಪಿ ಹೆರಿಯ ನೆಲದಡಿಯ ಮಾಳಿಗೆಗೆ ಇಳಿದಿದ್ದಾನೆ. ಅಲ್ಲಿ ಮೀನಿನ ಮಂಜುಗಡ್ಡೆ ಪೆಟ್ಟಿಗೆಯಂಥ ಚಳಿ. ಇಬ್ಬರು ಒಂದು ಗಾಡಿ ತಳ್ಳಿಕೊಂಡು ಬಂದರು. ಗಾಡಿಯ ಮೇಲೆ ಬಿಳಿ ಬಟ್ಟೆ ಹೊದೆಸಿದ ಒಂದು ಹೆಂಗಸು. ಯಾರದೋ ಮನೆಗೆಲಸಕ್ಕೆ ಬಂದವಳು, ಮೂರು ದಿನದಿಂದ ಕೇಳುವವರಿಲ್ಲ, ಹೆಸರೂ ಗೊತ್ತಿಲ್ಲ. ಇವನನ್ನು ನೋಡಿ, ಇವಳು ನಿನಗೆ ಏನಾಗಬೇಕು ಅಂತ ಕೇಳಿದರು. ನನ್ನ ಅಬ್ಬಿ, ಅಂದ ಹೆರಿಯ. ಕಾರ್ಡು ಮುಂದೆ ಹಿಡಿದ. ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ ಒಬ್ಬ ಅವನ ಬೆನ್ನು ತಟ್ಟಿದ, ಇನ್ನೊಬ್ಬ ಹೆಬ್ಬೆಟ್ಟು ಒತ್ತಿಸಿಕೊಂಡ.

ಶೆಟ್ಟರು ಕಾಗದ ಓದಿದರು. ಓದಿ ಅಕ್ಕಣಿಯ ಮುಖ ನೋಡಿದರು, ಪುನಃ ಕಾಗದ ನೋಡಿದರು. ಅಕ್ಕಣಿ, ಐವತ್ತೆಂಟು ವರ್ಷ, ಶುಕ್ರವಾರ ತೀರಿಕೊಂಡಿದ್ದಾಳೆ ಅಂತ ಬರೆದಿತ್ತು.

"ಶುಕ್ರವಾರ ನಾನು ತೊಂಬತ್ತು ಜನಕ್ಕೆ ಮೀನು ಸಾರು ಮಾಡಿದ್ದೆ ಶೆಟ್ರೇ," ಅಂದಳು ಅಕ್ಕಣಿ. ಹೇಳುತ್ತ ಹೇಳುತ್ತ ತನ್ನ ಮುಂಗೈಯನ್ನು ತಾನೇ ಮುಟ್ಟಿ ನೋಡಿಕೊಂಡಳು.

ಆಮೇಲೆ ಮಗನನ್ನು ಕೇಳಿದಳು, ಆ ಹೆಂಗಸು ಹೇಗಿದ್ದಳು ಅಂತ.

"ನಿನ್ನ ಹಾಗೇ ಇದ್ದಳು ಅಬ್ಬಿ. ಕಣ್ಣು ಮುಚ್ಚಿತ್ತು, ಅಷ್ಟೇ."

ಶೆಟ್ಟರು ಆಸ್ಪತ್ರೆಗೆ ಫೋನು ಮಾಡಿದರು. ತಪ್ಪಾಗಿದ್ದರೆ ಅರ್ಜಿ ಕೊಡಿ ಅಂದರು ಅಲ್ಲಿಯವರು. ಯಾರು ಕೊಡಬೇಕು ಅಂದರೆ, ಕಾರ್ಡಿನಲ್ಲಿ ಹೆಸರಿರುವವರೇ ಬರೆದು ಕೊಡಬೇಕು ಅಂದರು. ಕಾರ್ಡಿನವರು ತೀರಿಕೊಂಡಿದ್ದಾರಲ್ಲ, ಅವರ ಅರ್ಜಿ ತೆಗೆದುಕೊಳ್ಳಲು ಬರುವುದಿಲ್ಲ. ಇಷ್ಟರಲ್ಲಿ ಆ ಹೆಂಗಸನ್ನು ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಹೂಳಿಯೂ ಆಗಿತ್ತು, ಅಕ್ಕಣಿ ಎಂಬ ಹೆಸರಿನಲ್ಲಿ.

ಆ ದಿನ ಅಕ್ಕಣಿ ಮಗನಿಗೆ ಬೈದ ಹಾಗೆ ಯಾವತ್ತೂ ಬೈದಿರಲಿಲ್ಲ. ಕೊನೆಗೆ ಅವನ ಗಲ್ಲ ಹಿಡಿದು ಹೇಳಿದಳು. ಇನ್ನು ಆ ಕಟ್ಟಡದ ಒಳಗೆ ಯಾರನ್ನೂ ಅಬ್ಬಿ ಅನ್ನಬಾರದು. ಯಾರನ್ನು ತೋರಿಸಿ ಕೇಳಿದರೂ 'ಯಾರಂತ ಗೊತ್ತಿಲ್ಲ' ಅನ್ನಬೇಕು. ಹೆರಿಯ ಹೂಂ ಅಂದ.

ನಾಲ್ಕು ದಿನ ಕಳೆಯಿತು. ಐದನೆಯ ದಿನ ಅನ್ನ ಬಸಿಯುತ್ತಿದ್ದವಳು ಪಾತ್ರೆಯ ಜೊತೆಗೇ ಕೆಳಗೆ ಬಿದ್ದಳು. ಹೆರಿಯ ಮೂಟೆಯ ಹಾಗೆ ಎತ್ತಿಕೊಂಡ. ಶೆಟ್ಟರು ವ್ಯಾನು ಓಡಿಸಿದರು, ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರನ್ನೂ ಇಳಿಸಿ ವ್ಯಾನು ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದರು. ತಳ್ಳುಮಂಚದ ಮೇಲೆ ಅಕ್ಕಣಿಯನ್ನು ಮಲಗಿಸಿ ಮೂಗಿಗೆ ಬಾಯಿಗೆ ಮುಚ್ಚಳ ಹಾಕಿದರು. ಮಾತಿಲ್ಲ, ಕಿವಿ ಮಾತ್ರ ಕೇಳುತ್ತದೆ. ಕೊಚ್ಚಿಯ ಕಡೆಯ ನರ್ಸು ಹುಡುಗಿಯೊಬ್ಬಳು ಬಂದು, ಇವರು ಯಾರು, ನಿನಗೆ ಏನಾಗಬೇಕು ಅಂತ ಕೇಳಿದಳು.

"ಯಾರಂತ ಗೊತ್ತಿಲ್ಲ," ಅಂದ ಹೆರಿಯ.

ಅಕ್ಕಣಿ ಅವನ ಕೈ ಹಿಡಿದುಕೊಂಡಳು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನೋಯದ ಹಾಗೆ, ಗೊತ್ತಿಲ್ಲದವರ ಕೈ ಬಿಡಿಸುವ ಹಾಗೆ. ಹೆತ್ತ ಮಗನ ಕಣ್ಣಲ್ಲಿ ಗುರುತಿನ ಒಂದು ಚೂರೂ ಇರಲಿಲ್ಲ. ಹುಡುಗಿ ಒಂದು ಪಟ್ಟಿಯ ಮೇಲೆ 'ಹೆಸರಿಲ್ಲದ ಹೆಂಗಸು' ಅಂತ ಬರೆದು ಅಕ್ಕಣಿಯ ಮುಂಗೈಗೆ ಕಟ್ಟಿದಳು.

ನೋಡಿ, ಅದರಿಂದಲೇ ಅವಳು ಉಳಿದದ್ದು. ಗುರುತಿಲ್ಲದವರು ಸಾಯುವ ಹಾಗಿದ್ದರೆ ಕಾರ್ಡು ಕೇಳುವ ಹಾಗಿಲ್ಲ ಅಂತ ಅಲ್ಲಿ ಕಾನೂನಂತೆ. ಅಕ್ಕಣಿ ಅಂದಿದ್ದರೆ ಆ ಹೆಸರು ಸತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಯಾರೂ ಅಲ್ಲದವಳಿಗೆ ಎಲ್ಲ ಬಾಗಿಲೂ ತೆರೆದವು. ಸಣ್ಣ ಡಾಕ್ಟರಿಲ್ಲ, ಚೀಟಿಯಿಲ್ಲ, ಕಂಪೆನಿಯ ಹೂಂ ಇಲ್ಲ. ಒಡೆಯುವುದಕ್ಕೆ ಒಂದು ತಾಸು ಬಾಕಿಯಿದ್ದ ಪಿತ್ತದ ಚೀಲವನ್ನು ಕೊಯ್ದು ತೆಗೆದರು. ಆಮೇಲೆ ಶೆಟ್ಟರು ನಾಲ್ಕು ಸಾಕ್ಷಿ ಹಿಡಿದು ಹದಿನೈದು ದಿನ ಓಡಾಡಿ ಅವಳ ಹೆಸರನ್ನೂ ವಾಪಸು ತಂದರು. ಆದರೆ ಅದಕ್ಕಿಂತ ಮೊದಲು, ಅವಳಿಗೆ ಎಚ್ಚರವಾದ ಮಾರನೆಯ ಬೆಳಿಗ್ಗೆ ನಡೆದದ್ದೊಂದಿದೆ.

ಹೆರಿಯ ಗಂಜಿ ತಂದಿದ್ದ. ಮಂಚದ ಪಕ್ಕ ಕೂತು ಚಮಚೆಯಲ್ಲಿ ಕುಡಿಸಿದ. ಮಗಾ ಅಂದಳು ಅಕ್ಕಣಿ. ಅವನು ಆಚೆ ಈಚೆ ನೋಡಿದ.

"ನಾನು ಯಾರು ಹೇಳು?"

"ಯಾರಂತ ಗೊತ್ತಿಲ್ಲ," ಅಂದ. ಬಾಯಿ ಒರೆಸಿದ.

ಅಕ್ಕಣಿಗೆ ಬೈಯಲು ಶಕ್ತಿ ಇರಲಿಲ್ಲ. ಮೆಲ್ಲಗೆ ಬುದ್ಧಿ ಹೇಳಿದಳು. ಕೆಳಗೆ ಕೌಂಟರಿಗೆ ಹೋಗು, ನೀವು ಸತ್ತಳು ಅಂತ ಬರೆದ ನನ್ನ ಅಬ್ಬಿ ಬದುಕಿದ್ದಾಳೆ ಅಂತ ಹೇಳು, ಅವರು ಹೇಳಿದ ಹಾಗೆ ಮಾಡು. ಹೆರಿಯ ಹೂಂ ಅಂದ, ಹೋದ, ಹೇಳಿದ. ಕೌಂಟರಿನವರು ಕಂಪ್ಯೂಟರು ನೋಡಿದರು. ಅಕ್ಕಣಿ, ಹಿಂದಿನ ಬಯಲು, ಏಳನೆಯ ಸಾಲು ಅಂತ ಓದಿ ಹೇಳಿದರು. ಬದುಕಿದ್ದರೆ ಕರೆದುಕೊಂಡು ಬಾ, ಅಂದರು.

ಮೇಲೆ ಅಕ್ಕಣಿ ಕಾದಳು. ಅರ್ಧ ತಾಸಾಯಿತು, ಒಂದು ತಾಸಾಯಿತು. ಹೊಲಿಗೆ ಹಿಡಿದುಕೊಂಡು ಎದ್ದು ಕಿಟಕಿಗೆ ಬಂದಳು. ಕೆಳಗೆ ಬಿಸಿಲು, ಬಿಳಿ ಬಯಲು, ಸಾಲು ಸಾಲು ಮರಳಿನ ದಿಬ್ಬ. ಹೆರಿಯ ನಡೆದು ಬರುತ್ತಿದ್ದ. ಮೆಸ್ಸಿಗೆ ಹೋಗಿ ಅವಳ ನೀಲಿ ಅಂಚಿನ ಒಳ್ಳೆ ಸೀರೆ ತಂದಿದ್ದ. ಒಂದು, ಎರಡು ಅಂತ ಬೆರಳು ಮಡಿಸುತ್ತ ಏಳನೆಯ ಸಾಲಿಗೆ ಹೋದ. ಬಗ್ಗಿದ, ಮರಳಿಗೆ ಕಿವಿ ಕೊಟ್ಟ.

ಅಕ್ಕಣಿ ಗಾಜು ಬಡಿದಳು. ಆ ಊರಿನ ಕಿಟಕಿಗಳು ತೆರೆಯುವುದಿಲ್ಲ, ಸದ್ದೂ ಹೊರಗೆ ಹೋಗುವುದಿಲ್ಲ. ಮಗಾ, ನಾನು ಇಲ್ಲಿದ್ದೇನೆ, ಅಂದಳು. ಉಸಿರು ಗಾಜಿಗೆ ಹಬೆಯಾಗಿ ಕೂತಿತು.

ಕೆಳಗೆ ಹೆರಿಯ ತಲೆಯಾಡಿಸಿದ, ಯಾರೋ ಏನೋ ಹೇಳಿದ್ದಕ್ಕೆ ಹೂಂ ಅಂದವನ ಹಾಗೆ. ಸೀರೆಯ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚಿದ. ಹೆಂಗಸರು ಸೀರೆ ಉಡುವಾಗ ನೋಡಬಾರದಲ್ಲ, ಮುಖ ಆಚೆ ತಿರುಗಿಸಿ ನಿಂತ. ಸೀರೆಯ ಒಂದು ತುದಿ ಅವನ ಕೈಯಲ್ಲಿತ್ತು. ಬಯಲಿನಲ್ಲಿ ಮರಳು ಎದ್ದು ಹಾರುವಷ್ಟು ಗಾಳಿ. ಆ ಗಾಳಿಗೆ ಸೀರೆಯ ಇನ್ನೊಂದು ತುದಿ ಹಾರಬೇಕಿತ್ತು. ಹಾರಲಿಲ್ಲ. ಎಳೆದು ಹಿಡಿದ ಹಾಗೆ ಬಿಗಿಯಾಗಿ ನಿಂತಿತ್ತು.