ಹಳೇ ಓಲೆಗೆ ಬೆಂಕಿ

ತನಗೆ ಎದುರಾಡಿದವನ ತಲೆ ಈಗಲೇ ಹಾರಬೇಕೆಂದು ಪಾಳೇಗಾರ ಕೆಂಚನಾಯಕ ಹಟ ಹಿಡಿದ. ವಿಚಾರಣೆಯಿಲ್ಲದೆ ಯಾರನ್ನೂ ಕೊಲ್ಲಬಾರದೆಂಬ ಹಳೇ ಕಾನೂನಿನ ಓಲೆ ಅಡ್ಡ ಬಂತು.

"ಇನ್ನು ನನ್ನ ಮಾತೇ ಕಾನೂನು. ಹಳೇ ಓಲೆಗಳನ್ನೆಲ್ಲ ಸುಡು!" ಎಂದು ಕರಣಿಕನ ಮೇಲೆ ಗುಡುಗಿದ.

ಎದುರಾಡಿದವನು ಕರಣಿಕನ ಸ್ವಂತ ಅಳಿಯ. ಕರಣಿಕ ಬೆಂಕಿ ಹೊತ್ತಿಸಿದ. ಕಟ್ಟು ಬಿಚ್ಚಿ ಒಂದು ಓಲೆ ಹುಡುಕಿ ಎತ್ತಿಕೊಂಡ.

"ಓದಿಯೇ ಹಾಕುತ್ತೇನೆ ಬುದ್ಧೀ. 'ಗದ್ದುಗೆ ಹಿರಿಯ ಮಗನಿಗೆ. ಕಿರಿಯನಿಗೆ ಹಕ್ಕಿಲ್ಲ.'"

ಪಕ್ಕದಲ್ಲಿದ್ದ ನಾಯಕನ ತಮ್ಮ ಸರಸರನೆ ಬಂದು, ಮಂಡಿಯೂರಿ, ಬೆಂಕಿ ಊದತೊಡಗಿದ.

ನಾಯಕ ಗದ್ದುಗೆಯಿಂದ ಧುಮುಕಿ ಬೆಂಕಿಯನ್ನು ಬರಿಗಾಲಲ್ಲೇ ತುಳಿದ. "ಓಲೆಗಳನ್ನು ಭದ್ರವಾಗಿ ಕಟ್ಟಿಡಯ್ಯಾ!"

"ವಿಚಾರಣೆಯ ಓಲೆಯನ್ನೂ, ಬುದ್ಧೀ?"

"ಒಂದನ್ನೂ ಬಿಡಬೇಡ!"

ತಮ್ಮ ಇನ್ನೂ ಬೂದಿ ಊದುತ್ತಲೇ ಇದ್ದ.